ಗಾರೆಯವನು ಮೊದಲು ಏಳಬೇಕು

ಗುಡಿ ಇರಲಿ, ಚರ್ಚ್ ಇರಲಿ, ಅಪ್ಪ ಒಳಗೆ ಹೋದ ಕೂಡಲೇ ನೋಡುವುದು ಗೋಡೆಯನ್ನು. ನಲವತ್ತು ವರ್ಷ ಮನೆಗಳಿಗೆ ಸುಣ್ಣ ಬಣ್ಣ ಹೊಡೆದವರು ಅವರು. ಯಾರದೋ ಗೃಹಪ್ರವೇಶಕ್ಕೆ ಹೋದರೂ ಊಟಕ್ಕೆ ಕೂರುವ ಮೊದಲು ಮೂಲೆಯಲ್ಲಿ ಉಗುರಿನಿಂದ ಕೆರೆದು, "ಪ್ರೈಮರ್ ಹೊಡೆದೇ ಇಲ್ಲ" ಅಂತ ನನ್ನ ಕಿವಿಯಲ್ಲಿ ಹೇಳುತ್ತಾರೆ.

ಮಂಗಳೂರಿಗೆ ನಾವು ಹೋಗಿದ್ದು ಅವರ ಕಣ್ಣು ತೋರಿಸಲು. ಪೊರೆ ಬಂದಿತ್ತು. ಡಾಕ್ಟರು ಸಂಜೆ ಬನ್ನಿ ಅಂದರು. ಅಷ್ಟು ಹೊತ್ತು ಎಲ್ಲಿ ಕಳೆಯೋದು? ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋದೆ. ಏರು ಹತ್ತುವಾಗ ಅಪ್ಪ ಎರಡು ಸಲ ನಿಂತು, "ಇಷ್ಟು ಮೇಲೆ ಯಾಕೆ ಕಟ್ಟಿದರಪ್ಪ" ಅಂದರು.

ಹೊರಗಿಂದ ನೋಡಿದರೆ ಅಂಥ ವಿಶೇಷ ಏನೂ ಅನ್ನಿಸುವುದಿಲ್ಲ. 1880ರ ದಶಕದಲ್ಲಿ ಜೆಸುಯಿಟರು, ಅಂದರೆ ಕ್ಯಾಥೊಲಿಕ್ ಸನ್ಯಾಸಿಗಳ ಒಂದು ಸಭೆಯವರು, ತಮ್ಮ ಕಾಲೇಜಿಗೆ ಕಟ್ಟಿಕೊಂಡ ಪ್ರಾರ್ಥನಾ ಮಂದಿರ. ಒಳಗೆ ಕಾಲಿಟ್ಟ ಮೇಲೆ ಮಾತ್ರ ಬರಿ ಗೋಡೆ ಅನ್ನುವುದು ಹುಡುಕಿದರೂ ಸಿಗುವುದಿಲ್ಲ. ಎಲ್ಲಿ ನೋಡಿದರೂ ಸಂತರು, ದೇವದೂತರು, ಹೂಮಾಲೆ. ಅಪ್ಪ ಚಪ್ಪಾಳೆ ತಟ್ಟುವವರ ಹಾಗೆ ಎರಡೂ ಕೈ ಎತ್ತಿದವರು, ಶಬ್ದ ಮಾಡಬಾರದು ಅಂತ ನೆನಪಾಗಿ ಹಾಗೇ ಇಳಿಸಿದರು.

"ಎಷ್ಟು ಜನ ಮಾಡಿದ್ದು?"

ಒಬ್ಬರು ಅಂದೆ. ಆಂಟೋನಿಯೋ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಾಮೋ ಹತ್ತಿರ ಹುಟ್ಟಿದವರು. ಮೊದಲು ಚಿತ್ರಕಾರ, ಆಮೇಲೆ ಜೆಸುಯಿಟ್ ಸಭೆ ಸೇರಿದರು. ಪಾದ್ರಿ ಅಲ್ಲ, ಬ್ರದರ್, ಅಂದರೆ ಪಾದ್ರಿಯ ದೀಕ್ಷೆ ಇಲ್ಲದ ಸನ್ಯಾಸಿ. 1899ರಲ್ಲಿ ಇಲ್ಲಿಗೆ ಬಂದು, ಸುಮಾರು ಎರಡೂವರೆ ವರ್ಷದಲ್ಲಿ ಇದನ್ನೆಲ್ಲ ಬರೆದರು.

"ಬಂದಾಗ ವಯಸ್ಸೆಷ್ಟು?"

"ನಲವತ್ತೈದು ಇರಬೇಕು."

"ಕತ್ತು ಹೋಗಿರುತ್ತೆ ಬಿಡು."

ಗೋಡೆಯ ಚಿತ್ರ ಫ್ರೆಸ್ಕೋ. ಅಂದರೆ ಸುಣ್ಣದ ಗಾರೆ ಹಸಿ ಇರುವಾಗಲೇ ಅದರ ಮೇಲೆ ಬಣ್ಣ ಹಚ್ಚಬೇಕು. ಬಣ್ಣಕ್ಕೆ ಅಂಟು ಬೇಡ, ಬರಿ ನೀರು ಸಾಕು. ಸುಣ್ಣ ಒಣಗುತ್ತಾ ಗಾಳಿಯನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತದೆ. ನಾನು ಇದನ್ನು ದೊಡ್ಡ ಸುದ್ದಿ ಅನ್ನುವ ಹಾಗೆ ಹೇಳುತ್ತಿದ್ದರೆ ಅಪ್ಪ ಮಧ್ಯದಲ್ಲೇ ತಡೆದರು. "ಹಂಗಾದ್ರೆ ಎಲ್ಲಾ ಬಣ್ಣ ಆಗಲ್ಲ. ಸುಣ್ಣ ಕೆಲವು ಬಣ್ಣ ತಿಂದುಬಿಡುತ್ತೆ. ಮಣ್ಣಿನ ಬಣ್ಣ ಆದ್ರೆ ನಿಲ್ಲುತ್ತೆ." ನಿಜ. ಫ್ರೆಸ್ಕೋ ಬಗ್ಗೆ ಓದಿದ್ದೆ, ಆದರೆ ಆ ಮಾತು ಇಷ್ಟು ಸಲೀಸಾಗಿ ಬಂದಿದ್ದು ಅಪ್ಪನ ಬಾಯಲ್ಲೇ.

ಆಮೇಲೆ ಬೆಂಚಿನ ಮೇಲೆ ಕೂತು, ತಲೆ ಹಿಂದಕ್ಕೆ ಒರಗಿಸಿ ಚಾವಣಿ ನೋಡಿದರು. ನಡುವಿನ ಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗಾ ಅವರ ಜೀವನ ಇದೆ. ದೊಡ್ಡ ಮನೆತನದ ಹಿರಿಮಗ, ಆಸ್ತಿ ಪದವಿ ಎಲ್ಲ ತಮ್ಮನಿಗೆ ಬಿಟ್ಟು ಸಭೆ ಸೇರಿದವರು. ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ತಾವೂ ಕಾಯಿಲೆ ಬಿದ್ದು 1591ರಲ್ಲಿ ತೀರಿಕೊಂಡರು. ಆಗ ವಯಸ್ಸು ಬರೀ 23. ನಾನು ಕಥೆ ಹೇಳುತ್ತಲೇ ಇದ್ದೆ. ಅಪ್ಪ ಕೇಳುತ್ತಿರಲಿಲ್ಲ.

"ಮೇಲಿಂದು ಬೇರೆ ಕೆಲಸ ಕಣೋ," ಅಂದರು. "ಗೋಡೆ ಥರ ಅಲ್ಲ. ಹೊಳಪು ನೋಡು. ಎಣ್ಣೆ ಬಣ್ಣ ಅದು."

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಚಾವಣಿಯದು ಕ್ಯಾನ್ವಾಸ್ ಮೇಲಿನ ತೈಲಚಿತ್ರ ಅಂತ ನಾನು ಬರುವ ಮೊದಲೇ ಓದಿಕೊಂಡಿದ್ದೆ. ಆದರೆ ಕಣ್ಣಿಂದ ನೋಡಿ ಹೇಳು ಅಂದರೆ ಗೊತ್ತಾಗುತ್ತಿರಲಿಲ್ಲ. ಪೊರೆ ಬಂದ ಕಣ್ಣಲ್ಲಿ, ಅಷ್ಟು ಕೆಳಗಿನಿಂದ, ಅಪ್ಪ ಕಂಡುಹಿಡಿದಿದ್ದರು. ಆಸ್ಪತ್ರೆಗೆ ಹೋಗುವುದೇ ಬೇಡವೇನೋ ಅನ್ನಿಸಿತು!

ಅಪ್ಪ ಮಾತ್ರ ಗೋಡೆಯನ್ನು ಬಿಡಲಿಲ್ಲ. ಒಂದು ದಿನಕ್ಕೆ ಬಣ್ಣ ಹಚ್ಚಿ ಮುಗಿಸುವಷ್ಟೇ ಗಾರೆ ಬಳಿಯಬೇಕು, ಉಳಿದರೆ ಕಿತ್ತು ಹಾಕಬೇಕು, ಹಾಗಾದರೆ ನಿನ್ನೆಯ ಗಾರೆ ಇವತ್ತಿನ ಗಾರೆ ಸೇರುವ ಜೋಡು ಎಲ್ಲೋ ಇರಲೇಬೇಕು ಅಂತ ಅವರ ಲೆಕ್ಕ. ಗೋಡೆಯುದ್ದಕ್ಕೂ ನಡೆದು ಹುಡುಕಿದರು. ಸಿಗಲಿಲ್ಲ. ಮುಟ್ಟಿ ನೋಡುವ ಆಸೆ ಅವರ ಬೆರಳಲ್ಲೇ ಕಾಣುತ್ತಿತ್ತು. ಅಲ್ಲಿನ ಸಿಬ್ಬಂದಿಯೊಬ್ಬರಿಗೂ ಅದು ಕಂಡಿರಬೇಕು, ನಮ್ಮ ಹಿಂದೆಯೇ ಬರುತ್ತಿದ್ದರು. ಫೋಟೋ ತೆಗೆಯುವಂತೆಯೂ ಇಲ್ಲ. ಅದೇ ಒಳ್ಳೆಯದಾಯಿತು, ಇಲ್ಲದಿದ್ದರೆ ನಾನು ಮೊಬೈಲ್ ಹಿಡಿದು ನಿಂತಿರುತ್ತಿದ್ದೆ.

"ಈ ಊರಿನ ಮಳೇಲಿ ಸುಣ್ಣ ಎಷ್ಟು ನಿಧಾನ ಒಣಗುತ್ತೋ," ಅಂದರು ಹೊರಗೆ ಬಂದ ಮೇಲೆ. ಕಡಲ ತೇವಕ್ಕೆ ಚಿತ್ರಗಳು ಹಾಳಾಗಿ, 1990ರ ದಶಕದಲ್ಲಿ ಪರಿಣತರು ಬಂದು ಸರಿಪಡಿಸಬೇಕಾಯಿತು ಅಂದೆ. ಮೊಸ್ಕೇನಿ ಅಷ್ಟು ಕಾಲ ಬದುಕಲಿಲ್ಲ ಅಂತಲೂ ಹೇಳಿದೆ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಊರಿಗೆ ವಾಪಸ್ ಹೋಗಲೇ ಇಲ್ಲ.

ಅಪ್ಪ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. "ಆ ಬ್ರದರ್ ಬೆಳಿಗ್ಗೆ ಬ್ರಷ್ ಹಿಡಿಯೋ ಹೊತ್ತಿಗೆ ಗಾರೆ ಬಳಿದು ರೆಡಿ ಇರಬೇಕಲ್ವಾ? ಅಂದ್ರೆ ಗಾರೆಯವನು ಅವರಿಗಿಂತ ಮೊದಲು ಏಳಬೇಕು. ಕತ್ತಲಲ್ಲೇ." ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಅಪ್ಪ ಮೊದಲು ಸೇರಿದ್ದು ಆ ಕೆಲಸಕ್ಕೇ. ಸುಣ್ಣ ಕಲಸಿ, ಸಾರ್ವೆ ಹತ್ತಿ ಮೇಸ್ತ್ರಿಗೆ ಕೊಡುವುದು. ಕೈಬೆರಳ ಸಂದಿಯಲ್ಲಿ ಸುಣ್ಣ ಸುಟ್ಟ ಕಲೆ ಇನ್ನೂ ಇದೆ.

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿನ ಬಗ್ಗೆ ಕೇಳಿದರೆ, ಅಪ್ಪ ಕತ್ತು ಹಿಡಿದುಕೊಂಡಿದೆ ಅಂತ ಶುರು ಮಾಡಿದರು.