ಗಾಜನ್ನು ಸಡಿಲ ಬಿಟ್ಟ ಮೇಲೆ ಸರಿಹೋದ ಕನ್ನಡಿ

ಟೆಲಿಸ್ಕೋಪಿನ ಮೊದಲ ಕನ್ನಡಿಯನ್ನು ಪೂರ್ತಿ ಕೈಯಲ್ಲೇ ಉಜ್ಜಿದ್ದೆ. ಭುಜ ಹಿಡಿದುಕೊಂಡು ತಿಂಗಳುಗಟ್ಟಲೆ ಬಿಡಲಿಲ್ಲ. ಎರಡನೆಯದಕ್ಕೆ ಮೆಷಿನ್ ಮಾಡಲೇಬೇಕು ಅಂತ ಆಗಲೇ ತೀರ್ಮಾನ ಮಾಡಿದ್ದೆ.

ತೆಗೆಯಬೇಕಾದ ಗಾಜು ಜಾಸ್ತಿ ಏನಿಲ್ಲ. 8 ಇಂಚು ಅಗಲ, 48 ಇಂಚು ಫೋಕಸ್ (ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಜಾಗಕ್ಕಿರುವ ದೂರ) ಇರುವ ಕನ್ನಡಿಗೆ ನಡುವೆ ಸುಮಾರು 2 ಮಿಲಿಮೀಟರ್ ಆಳ ಸಾಕು. ಸಮಯ ತಿನ್ನೋದು ಆಮೇಲಿನ ಕೆಲಸ: 80ನೇ ನಂಬರಿನ ಕಾರ್ಬೊರಂಡಮ್ ಪುಡಿಯಿಂದ 120, 220, 400 ಅಂತ ನುಣುಪಾಗುತ್ತಾ ಹೋಗಿ, ಕೊನೆಗೆ ರಾಳ ಮೆತ್ತಿದ ಟೂಲಿನಲ್ಲಿ (ಕನ್ನಡಿಯ ಮೇಲೆ ಉಜ್ಜುವ ದುಂಡು ಬಿಲ್ಲೆ) ಸೀರಿಯಂ ಆಕ್ಸೈಡ್ ಹಾಕಿ ಗಂಟೆಗಟ್ಟಲೆ ಪಾಲಿಶ್ ಮಾಡಬೇಕು.

ಗುಜರಿಯಲ್ಲಿ ಸಿಕ್ಕ ಕಾರಿನ ವೈಪರ್ ಮೋಟರ್, ಒಂದು ಬೆಲ್ಟು, ಎರಡು ಪುಲ್ಲಿ, ಪ್ಲೈವುಡ್ಡಿನ ದುಂಡು ಹಲಗೆ. ಹಲಗೆ ನಿಮಿಷಕ್ಕೆ 15 ಸುತ್ತು ತಿರುಗುತ್ತೆ, ಅದರ ಮೇಲೆ ಕನ್ನಡಿ. ಪಕ್ಕದ ಕಂಬದಿಂದ ಚಾಚಿದ ತೋಳು ಟೂಲನ್ನು ನಡುವಿನಿಂದ ತುಸು ಆಚೆ ಹಿಡಿದಿರುತ್ತೆ. ಟೂಲಿಗೆ ಬೇರೆ ಮೋಟರ್ ಇಲ್ಲ, ಕೆಳಗಿನ ಗಾಜು ಎಳೆದ ಹಾಗೆ ತಾನೇ ತಿರುಗುತ್ತೆ. ಹೊಸ ಪುಡಿ ಹಾಕಿದಾಗ ಕರಕರ ಅನ್ನುವ ಸದ್ದು ಕೆಲವೇ ನಿಮಿಷದಲ್ಲಿ ಇಳಿದು ಸುಯ್ ಅಂತಾಗುತ್ತೆ. ಪುಡಿ ಸವೆಯಿತು ಅಂತ ಅರ್ಥ. ಬೂದು ಕೆಸರು ಒರೆಸಿ ಮತ್ತೆ ಹಾಕಬೇಕು. ಆ ಸದ್ದು ಕೇಳ್ತಾ ಕೂರೋದು ನನಗೆ ತುಂಬಾ ಇಷ್ಟ.

ಪಾಲಿಶ್ ಮುಗಿಸಿ ನಕ್ಷತ್ರ ನೋಡಿದರೆ ಅದು ದುಂಡಗಿರಲಿಲ್ಲ. ಕಣ್ಣಿಡುವ ಮಸೂರವನ್ನು ಫೋಕಸ್ಸಿನಿಂದ ತುಸು ಒಳಗೆ ಸರಿಸಿದರೆ ಅಡ್ಡಕ್ಕೆ, ಹೊರಗೆ ಸರಿಸಿದರೆ ಉದ್ದಕ್ಕೆ ಎಳೆದ ಹಾಗೆ ಕಾಣ್ತಿತ್ತು. ಕನ್ನಡಿಯ ಮೈ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟೂ ತಪ್ಪಬಾರದು, ನಾನೋ ಗಾಜು ಅಲುಗಬಾರದು ಅಂತ ಮೂರು ಸ್ಕ್ರೂ ಬಿಗಿದಿದ್ದೆ. ಬಿಗಿತಕ್ಕೆ ಬಾಗಿದ ಗಾಜನ್ನೇ ಮೆಷಿನ್ ಅಷ್ಟು ದಿನ ಉಜ್ಜಿತ್ತು. ಸ್ಕ್ರೂ ಸಡಿಲಿಸಿ ಒಂದು ಕಾಗದ ತೂರುವಷ್ಟು ಜಾಗ ಬಿಟ್ಟೆ, ಅಡಿಗೆ ಹಳೇ ಕಾರ್ಪೆಟ್ ಹಾಸಿದೆ, ಮತ್ತೆ ಉಜ್ಜುವಾಗ ಹತ್ತು ನಿಮಿಷಕ್ಕೊಮ್ಮೆ ಗಾಜನ್ನು ಹಲಗೆಯ ಮೇಲೆ ಸ್ವಲ್ಪ ತಿರುಗಿಸಿಟ್ಟೆ.

ಇನ್ನೊಂದು ಶತ್ರು ಬಿಸಿ. ಉಜ್ಜಿದಾಗ ಕನ್ನಡಿ ಬಿಸಿಯಾಗಿ ಅದರ ಆಕಾರ ತುಸು ಬದಲಾಗುತ್ತೆ. ಐರ್ಲೆಂಡಿನ ಲಾರ್ಡ್ ರಾಸ್ 1840ರ ದಶಕದಲ್ಲೇ ಹಬೆ ಎಂಜಿನ್ನಿನಿಂದ ಓಡುವ ಮೆಷಿನ್ನಿನಲ್ಲಿ 6 ಅಡಿ ಅಗಲದ ಲೋಹದ ಕನ್ನಡಿ ಮಾಡಿಸಿದರು, ಬಿಸಿ ಏರದಿರಲಿ ಅಂತ ಕನ್ನಡಿಯನ್ನು ನೀರಿನ ತೊಟ್ಟಿಯಲ್ಲಿಟ್ಟೇ ಪಾಲಿಶ್ ಮಾಡಿಸುತ್ತಿದ್ದರು. ಎಂಥ ತಾಳ್ಮೆ ಅಲ್ವಾ! ನಾನು ಮೆಷಿನ್ ನಿಲ್ಲಿಸಿ ಎರಡು ಗಂಟೆ ಸುಮ್ನೆ ಬಿಟ್ಟು ಆಮೇಲೆ ಪರೀಕ್ಷೆ ಮಾಡ್ತೀನಿ.

ಕಳೆದ ವಾರ ಮತ್ತೆ ನೋಡಿದೆ. ನಕ್ಷತ್ರ ಎರಡೂ ಕಡೆ ದುಂಡಗಿತ್ತು. ಮುಂದಿನದು 12 ಇಂಚಿನದು, ಅದಕ್ಕೆ ದಪ್ಪ ಹಲಗೆ ಹುಡುಕ್ತಿದ್ದೀನಿ.