ಎರಡೂ ಒಂದೇ ನಂಬರ್

ಇವತ್ತು ಮ್ಯೂಸಿಯಂನ ಗಾಜಿನ ಮುಂದೆ ತುಂಬಾ ಹೊತ್ತು ನಿಂತುಬಿಟ್ಟೆ.

ಒಳಗೆ ಎರಡನೇ ಮಹಾಯುದ್ಧದ ಲೀ-ಎನ್‌ಫೀಲ್ಡ್ ಸ್ನೈಪರ್ ರೈಫಲ್, ನಂಬರ್ 4 (ಟಿ) ಮಾದರಿ. ಅದರ ಮೇಲೆ ನಂಬರ್ 32 ಮಾದರಿಯ ಟೆಲಿಸ್ಕೋಪ್. ಮೊದಲು ಬ್ರೆನ್ ಅನ್ನೋ ಹಗುರ ಮಷಿನ್ ಗನ್‌ಗೆ ಅಂತ ಮಾಡಿದ್ದು ಅದು. ನೋಡಿದರೇ ಗೊತ್ತಾಗುತ್ತೆ, ಅಷ್ಟು ಗಟ್ಟಿಮುಟ್ಟು.

ಕಣ್ಣು ನಿಂತಿದ್ದು ಮಾತ್ರ ಹಿಡಿಯ ಮರದ ಮೇಲೆ. ಅಲ್ಲೊಂದು ನಂಬರ್ ಒತ್ತಿದ್ದಾರೆ. ಅಂಕಿಗಳು ಒಂಚೂರು ಓರೆ. ಅದು ರೈಫಲ್‌ನ ನಂಬರ್ ಅಲ್ಲ, ಟೆಲಿಸ್ಕೋಪಿನದು. ಈ ರೈಫಲ್‌ಗೆ ಇದೇ ಜೋಡಿ ಅಂತ ಗುರುತು.

ಯುದ್ಧ ಮುಗಿದ ಮೇಲೆ ಎಷ್ಟೋ ಜೋಡಿಗಳು ಬೇರೆಯಾದವು. ಇಲ್ಲಿ ಮರದ ಮೇಲಿನದೂ ಟೆಲಿಸ್ಕೋಪಿನ ಮೇಲಿನದೂ ಒಂದೇ ನಂಬರ್! ಸುಮ್ನೆ ಮತ್ತೆ ಮತ್ತೆ ಹೋಲಿಸಿ ನೋಡಿದೆ. ಖುಷಿಯಾಯ್ತು.

ಆಮೇಲೆ, ಆ ಟೆಲಿಸ್ಕೋಪಿನ ಹಿಂದೆ ಯಾರ ಕಣ್ಣಿತ್ತೋ, ಎದುರಿಗೆ ಯಾರಿದ್ದರೋ ಅನ್ನಿಸಿತು. ಹೊಟ್ಟೆಯೊಳಗೆ ಏನೋ ಸಂಕಟ.