ಹಳೆಯ ಹಾಯಿದೋಣಿ ಮತ್ತು ಅದರ ಕೀಲ್

ಬಳಸಿದ ಸಣ್ಣ ಹಾಯಿದೋಣಿಯೊಂದನ್ನು ಕೊಳ್ಳಲು ಹೊರಟಾಗ ನಾನು ಮೊದಮೊದಲು ಹಾಯಿಯ ಬಿಳುಪಿಗೂ ಒಳಗಿನ ಮೆತ್ತೆಗಳ ಅಂದಕ್ಕೂ ಮರುಳಾಗುತ್ತಿದ್ದೆ; ಈಗ ನೇರವಾಗಿ ದೋಣಿಯ ಅಡಿಗೆ ಬಗ್ಗಿ ಕೀಲನ್ನು, ಅಂದರೆ ದೋಣಿ ಪಕ್ಕಕ್ಕೆ ಜಾರದಂತೆ, ಮಗುಚದಂತೆ ತಡೆಯುವ ಅಡಿಯ ಭಾರದ ರೆಕ್ಕೆಯನ್ನು, ನೋಡುತ್ತೇನೆ.

ಆಳಕ್ಕೆ ಇಳಿದ ಕಿರಿದಾದ ಫಿನ್ ಕೀಲ್ ಇರುವ ದೋಣಿ ಗಾಳಿಯ ದಿಕ್ಕಿಗೆ ಓರೆಯಾಗಿ ಏರುವಾಗ ಪಕ್ಕಕ್ಕೆ ಕಡಿಮೆ ಜಾರುತ್ತದೆ, ಚುರುಕಾಗಿ ತಿರುಗುತ್ತದೆ, ಆದರೆ ಅದಕ್ಕೆ ಆಳದ ನೀರು ಬೇಕು. ಇಳಿತದ ಹೊತ್ತಿನಲ್ಲಿ ಬರಿದಾಗುವ ಅಳಿವೆಯಲ್ಲಿ ದೋಣಿಯನ್ನು ಕಟ್ಟಿ ನಿಲ್ಲಿಸುವವರಿಗೆ ಜೋಡಿ ಕೀಲ್ ಒಳ್ಳೆಯದು, ಏಕೆಂದರೆ ನೀರು ಸರಿದಾಗ ಅದು ಎರಡು ಕಾಲೂರಿ ನೆಟ್ಟಗೆ ನಿಲ್ಲುತ್ತದೆ. ಗಾಳಿಗೆದುರು ಸಾಗುವಾಗ ಮಾತ್ರ ತುಸು ಸೋಮಾರಿ. ಮೇಲಕ್ಕೆತ್ತಬಹುದಾದ ಸ್ವಿಂಗ್ ಕೀಲ್ ಟ್ರೈಲರ್ ಮೇಲೆ ಒಯ್ಯಲು ಅನುಕೂಲವಾದರೂ ಅದರ ತಿರುಗುಣಿ, ತಂತಿಹಗ್ಗ, ಹಗ್ಗ ಸುತ್ತಿ ಎಳೆಯುವ ವಿಂಚ್ ಮೂರೂ ಸವೆಯುವಂಥವು.

ನಾನು ನೋಡಿದ ಒಂದು ಫಿನ್ ಕೀಲ್ ದೋಣಿಯಲ್ಲಿ ಕೀಲ್ ಒಡಲನ್ನು ಸೇರುವ ಗೆರೆಯುದ್ದಕ್ಕೂ ಕೂದಲೆಳೆಯ ಬಿರುಕು, ಅಲ್ಲಿಂದ ಇಳಿದ ಕಂದು ಕಲೆ ಕಾಣುತ್ತಿದ್ದವು. ಅದು ಬರೀ ಬಣ್ಣದ ದೋಷವೆಂದು ಮಾಲೀಕರು ಹೇಳಿದರು. ನೆಲಹಲಗೆ ಎತ್ತಿದಾಗ, ನಿಂತ ನೀರಿನಲ್ಲಿ, ಕೀಲನ್ನು ಒಡಲಿಗೆ ಬಿಗಿದ ಬೋಲ್ಟುಗಳ ನಟ್ಟುಗಳು ಪದರಪದರವಾಗಿ ಸುಲಿದಿದ್ದವು. ಎರಕದ ಕಬ್ಬಿಣದ ಕೀಲಿನ ಮೇಲ್ಮೈ ತುಕ್ಕನ್ನು ಕೆರೆದು ಬಣ್ಣ ಬಳಿಯಬಹುದು. ಬೋಲ್ಟುಗಳು ಕೆಟ್ಟರೆ ಕೀಲನ್ನೇ ಕಳಚಬೇಕಾಗಬಹುದು. ಆ ದೋಣಿಯನ್ನು, ಹಾಯಿ ಎಷ್ಟೇ ಹೊಸದಾಗಿದ್ದರೂ, ಅಲ್ಲಿಯೇ ಬಿಟ್ಟು ಬಂದೆ.